ಓದುಗರ ಪ್ರಶ್ನೆ: ಮೊದಲ ಸ್ಥಾನ ಗೆಲ್ಲದವಳು ಗುರುವಾಗಬಹುದೇ?

ಪ್ರಶ್ನೆ: ನನ್ನ ಮಗಳು ಒಂಬತ್ತನೆಯ ವಯಸ್ಸಿನಿಂದ ಗಾಲಿ ಸ್ಕೇಟಿಂಗಿನ ಕಲಾತ್ಮಕ ವಿಭಾಗದಲ್ಲಿ ಅಭ್ಯಾಸ ಮಾಡಿದವಳು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಕಲಿತಳು. ದೊಡ್ಡ ಸ್ಪರ್ಧೆಗಳಲ್ಲಿ ಎರಡು ಸಲ ಎರಡನೆಯ ಸ್ಥಾನ ಬಂತೇ ಹೊರತು ಮೊದಲನೆಯದು ಒಲಿಯಲಿಲ್ಲ. ಈಗ ಅವಳಿಗೆ ಇಪ್ಪತ್ತು ವರ್ಷ; ಮೊಣಕಾಲಿನ ನೋವಿನಿಂದಾಗಿ ಜಿಗಿತಗಳನ್ನು ನಿಲ್ಲಿಸುವಂತೆ ಡಾಕ್ಟರು ಹೇಳಿದ್ದಾರೆ. ಊರಿನ ಮಕ್ಕಳಿಗೆ ಕಲಿಸುತ್ತೇನೆ ಎನ್ನುತ್ತಾಳೆ. ‘ತಾನೇ ಗೆಲ್ಲದವಳು ಇತರರಿಗೆ ಏನು ಕಲಿಸಿಯಾಳು?’ ಎಂಬುದು ಅವಳ ದೊಡ್ಡಪ್ಪನ ಮಾತು. ಮಂಜುಗಡ್ಡೆಯ ಮೇಲಿನ ಫಿಗರ್ ಸ್ಕೇಟಿಂಗಿನಲ್ಲಿ ಹೀಗೆ ಗುರುವಾದವರು ಇದ್ದಾರೆಯೇ?
– ಓರ್ವ ತಾಯಿ, ಬದಿಯಡ್ಕ

ಉತ್ತರ: ಇದ್ದಾರೆ, ಮತ್ತು ನಿಮ್ಮ ಪತ್ರವನ್ನು ಓದುತ್ತಿದ್ದಂತೆ ನೆನಪಾದವರು ಕೆನಡಾದ ಬ್ರಯಾನ್ ಓರ್ಸರ್. ಅವರೂ ಎರಡು ಸಲ ಎರಡನೆಯವರಾಗಿಯೇ ಉಳಿದವರು, ಅದೂ ಒಲಿಂಪಿಕ್ಸ್‌ನಲ್ಲಿ. 1984ರ ಸರಾಯೆವೊ ಕೂಟದಲ್ಲಿ ಅವರು ಕಿರು ಪ್ರದರ್ಶನ ಮತ್ತು ದೀರ್ಘ ಪ್ರದರ್ಶನಗಳೆರಡರಲ್ಲೂ ಮೊದಲಿಗರಾಗಿದ್ದರು. ಆದರೆ ಆಗ ಮಂಜುಗಡ್ಡೆಯ ಮೇಲೆ ಬ್ಲೇಡಿನಿಂದ ವೃತ್ತಗಳನ್ನು ತಪ್ಪಿಲ್ಲದೆ ತಿದ್ದುವ ಕಡ್ಡಾಯ ವಿಭಾಗವೊಂದಿತ್ತು, ಅದರಲ್ಲಿ ಏಳನೆಯವರಾದುದರಿಂದ ಚಿನ್ನ ಅಮೆರಿಕದ ಸ್ಕಾಟ್ ಹ್ಯಾಮಿಲ್ಟನ್ ಅವರ ಪಾಲಾಯಿತು. 1987ರಲ್ಲಿ ವಿಶ್ವ ಚಾಂಪಿಯನ್ ಆಗಿ, ಮರುವರ್ಷ ತಮ್ಮದೇ ದೇಶದ ಕ್ಯಾಲ್ಗರಿಯಲ್ಲಿ ರಾಷ್ಟ್ರಧ್ವಜ ಹಿಡಿದು ನಡೆದ ಓರ್ಸರ್ ಅಲ್ಲಿ ಗೆದ್ದೇ ಗೆಲ್ಲುತ್ತಾರೆಂದು ಕೆನಡಾದ ಜನ ನಂಬಿದ್ದರು. ಒಂದು ಜಿಗಿತದ ಇಳಿತದಲ್ಲಿ ಸಣ್ಣ ತಪ್ಪಾಯಿತು, ಮೂರೂವರೆ ಸುತ್ತಿನ ಎರಡನೆಯ ಆಕ್ಸೆಲ್ ಜಿಗಿತವನ್ನು ಅವರು ಕೈಬಿಟ್ಟರು. ಒಂಬತ್ತು ತೀರ್ಪುಗಾರರಲ್ಲಿ ಐವರು ಅಮೆರಿಕದ ಬ್ರಯಾನ್ ಬೊಯ್ಟಾನೊ ಅವರ ಕಡೆಗೆ, ನಾಲ್ವರು ಓರ್ಸರ್ ಕಡೆಗೆ ನಿಂತರು.

ಆಮೇಲೆ ಹಲವು ವರ್ಷ ಪ್ರದರ್ಶನಗಳಲ್ಲಿ ಸ್ಕೇಟ್ ಮಾಡಿದ ಓರ್ಸರ್, ಮುಂದೆ ಟೊರಾಂಟೊ ಕ್ರಿಕೆಟ್, ಸ್ಕೇಟಿಂಗ್ ಅಂಡ್ ಕರ್ಲಿಂಗ್ ಕ್ಲಬ್ಬಿನಲ್ಲಿ ಟ್ರೇಸಿ ವಿಲ್ಸನ್ ಅವರೊಂದಿಗೆ ತರಬೇತುದಾರರಾದರು. ವಿಲ್ಸನ್ ಅವರೂ 1988ರಲ್ಲಿ ಐಸ್ ಡ್ಯಾನ್ಸ್‌ನಲ್ಲಿ ಕಂಚು ಪಡೆದವರೇ ಹೊರತು ಚಿನ್ನವನ್ನಲ್ಲ. ಓರ್ಸರ್ ಅವರ ಶಿಷ್ಯೆ, ದಕ್ಷಿಣ ಕೊರಿಯಾದ ಯುನಾ ಕಿಮ್, 2010ರಲ್ಲಿ ವ್ಯಾಂಕೂವರಿನಲ್ಲಿ 228.56 ಅಂಕ ಗಳಿಸಿ ಚಿನ್ನ ಗೆದ್ದರು. ಆ ದಿನದ ದೃಶ್ಯಾವಳಿಯಲ್ಲಿ ಅಂಕಣದ ಅಂಚಿನ ತಡೆಗೋಡೆಯ ಹಿಂದೆ ನಿಂತ ಗುರುವನ್ನು ಮಗಳೊಂದಿಗೆ ಕುಳಿತು ನೋಡಿ: ಶಿಷ್ಯೆ ಜಿಗಿಯುವಾಗಲೆಲ್ಲ ಅವರ ಕಾಲೂ ನೆಲ ಬಿಡುತ್ತದೆ. ಎಲ್ಲಿ ತಪ್ಪಾಗಬಹುದು, ಆಗ ಮೈ ಹೇಗೆ ಬಿಗಿಯುತ್ತದೆ ಎಂಬುದನ್ನು ಕ್ಯಾಲ್ಗರಿಯಲ್ಲಿ ಸ್ವತಃ ಅನುಭವಿಸಿದವರು ಅವರು. ಆ ತಿಳಿವಳಿಕೆ ಅವರ ಕಲಿಸುವಿಕೆಗೆ ಬಂಡವಾಳವಾಯಿತೆಂದೇ ನಾನು ಭಾವಿಸುತ್ತೇನೆ. ಅದೇ ವರ್ಷ ಯುನಾ ಕಿಮ್ ತಮ್ಮ ಗುರು ಓರ್ಸರ್ ಅವರನ್ನು ಬಿಟ್ಟು ಬೇರೆಯಾದರು. ಅದು ಗುರುವಿನ ಬದುಕಿನಲ್ಲಿ ಸಹಿಸಿಕೊಳ್ಳಬೇಕಾದ ಸಂಗತಿ. ಮಗಳಿಗೆ ಈಗಲೇ ಹೇಳಿಡಿ. 2012ರಲ್ಲಿ ಓರ್ಸರ್ ಅವರ ಬಳಿಗೆ ಬಂದ ಜಪಾನಿನ ಯುಜುರು ಹನ್ಯು 2014 ಮತ್ತು 2018ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು.

ಕಲಿಸುವ ಕೆಲಸದಲ್ಲಿ ಮುಖ್ಯವಾದುದು ಕಣ್ಣು. ಜಿಗಿದವರು ಹಿಮ್ಮುಖವಾಗಿ, ಒಂದೇ ಕಾಲಿನ ಬ್ಲೇಡಿನ ಹೊರಅಂಚಿನ ಮೇಲೆ, ಮಂಡಿ ಬಗ್ಗಿಸಿ ಇಳಿಯಬೇಕು. ಸುತ್ತು ಪೂರ್ತಿಯಾಗುವ ಮೊದಲೇ ಇಳಿದರೆ ಮಂಜುಗಡ್ಡೆಯ ಮೇಲಿನ ಗೆರೆಯ ಮೊದಲಲ್ಲಿ ಸಣ್ಣದೊಂದು ಕೊಕ್ಕೆ ಮೂಡುತ್ತದೆ. ಗುರು ಬಾಗಿ ಆ ಗೆರೆಯನ್ನು ತೋರಿಸಿದರೆ ಸಾಕು, ಬಯ್ಯುವ ಅಗತ್ಯವಿಲ್ಲ. ಗಾಲಿಗಳು ಅಂಥ ಗೆರೆ ಬಿಡುವುದಿಲ್ಲವಾದ್ದರಿಂದ ನಿಮ್ಮ ಮಗಳು ಇಳಿದ ಸದ್ದಿಗೆ ಕಿವಿಗೊಡಬೇಕು, ಭುಜ ಸೊಂಟಕ್ಕಿಂತ ಮೊದಲೇ ತಿರುಗಿತೇ ಎಂದು ನೋಡಬೇಕು. ಇವನ್ನೆಲ್ಲ ತನ್ನ ಮೈಯಲ್ಲಿ ತಿದ್ದಿಕೊಳ್ಳಲು ವರ್ಷಗಟ್ಟಲೆ ಹೆಣಗಿದವಳಿಗೆ, ಸುಲಭವಾಗಿ ಗೆದ್ದವರಿಗಿಂತ ಹೆಚ್ಚು ಹೇಳಲು ಗೊತ್ತಿರುತ್ತದೆ.

ಇದು ಕುಂಬಳೆ ಸೀಮೆಯವರಿಗೆ ಹೊಸ ವಿಷಯವೇನಲ್ಲ. ಯಕ್ಷಗಾನದ ತೆಂಕುತಿಟ್ಟಿನಲ್ಲಿ ಧೀಂಗಿಣ (ಸುತ್ತುತ್ತ ಜಿಗಿಯುವ ಕುಣಿತ) ಹಾಕಿ ಹಾಕಿ ಮಂಡಿ ಸವೆಸಿಕೊಂಡ ವೇಷಧಾರಿ ರಂಗದಿಂದ ಸರಿದ ಮೇಲೆ ದೇವಸ್ಥಾನದ ಸಭಾಂಗಣದಲ್ಲಿ ಮಕ್ಕಳಿಗೆ ‘ತೈ ತಕ’ ಹೇಳಿಕೊಡುವುದನ್ನು ನೀವು ಕಂಡಿರುತ್ತೀರಿ. ಅವರು ಮೇಳದಲ್ಲಿ ಎಷ್ಟನೆಯ ವೇಷಧಾರಿಯಾಗಿದ್ದರು ಎಂದು ಯಾವ ತಂದೆತಾಯಿಯೂ ಕೇಳುವುದಿಲ್ಲ. ಮಗುವಿನ ಹೆಜ್ಜೆ ತಾಳಕ್ಕೆ ಕೂಡಿತೇ ಎಂದಷ್ಟೇ ನೋಡುತ್ತಾರೆ. ದೊಡ್ಡಪ್ಪನವರಿಗೆ ಈ ಮಾತನ್ನು ಗೌರವದಿಂದಲೇ ತಿಳಿಸಿ.

ಆದರೆ ನಾಳೆಯೇ ಬೋರ್ಡು ಹಾಕುವುದು ಬೇಡ. ಒಂದು ವರ್ಷ ತನ್ನ ಗುರುಗಳ ಕೈಕೆಳಗೆ ಸಹಾಯಕಿಯಾಗಿದ್ದು, ಆರು ವರ್ಷದ ಮಗುವಿಗೆ ಬೀಳುವುದನ್ನು ಹೇಗೆ ಕಲಿಸುತ್ತಾರೆ, ಸ್ಪರ್ಧೆಯಲ್ಲಿ ಸೋತು ಬಂದ ಹುಡುಗನೊಡನೆ ಮೊದಲ ಮಾತು ಏನಾಡುತ್ತಾರೆ ಎಂಬುದನ್ನು ನೋಡಲಿ. ಪ್ರಥಮ ಚಿಕಿತ್ಸೆಯನ್ನು ಕಲಿಯಲೇಬೇಕು. ಎಳೆಯ ಮಕ್ಕಳಿಂದ ದಿನವೂ ಜಿಗಿತ ಮಾಡಿಸುವ ಆತುರವನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟವೇ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಿದೆ. ತನ್ನ ಮೊಣಕಾಲು ಏಕೆ ಹೀಗಾಯಿತೆಂದು ಡಾಕ್ಟರರಿಂದ ಸರಿಯಾಗಿ ಕೇಳಿ ತಿಳಿದುಕೊಂಡರೆ, ಅವಳ ಶಿಷ್ಯರ ಮೊಣಕಾಲುಗಳಾದರೂ ಉಳಿದಾವು.

ಪ್ರಶ್ನೆ: ಗಾಲಿ ಸ್ಕೇಟಿಂಗಿನಲ್ಲಿ ನಮ್ಮವರ ಸಾಧನೆ ಏನಾದರೂ ಇದೆಯೇ?
– ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಇದೆ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಲಾತ್ಮಕ ವಿಭಾಗದಲ್ಲಿ ಅನೂಪ್ ಕುಮಾರ್ ಯಾಮಾ ಪುರುಷರ ಸ್ಪರ್ಧೆಯಲ್ಲಿ ಕಂಚು ಗೆದ್ದರು, ಅವನಿ ಪಾಂಚಾಲ್ ಅವರೊಂದಿಗೆ ಜೋಡಿ ಸ್ಪರ್ಧೆಯಲ್ಲೂ ಕಂಚು ಪಡೆದರು. 2015ರಲ್ಲಿ ಯಾಮಾ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಆಕ್ಸೆಲ್, ಲುಟ್ಜ್, ಸಾಲ್ಕೊ ಮೊದಲಾದ ಜಿಗಿತಗಳ ಹೆಸರೂ ಕ್ರಮವೂ ಗಾಲಿಯಲ್ಲಿ ಮತ್ತು ಮಂಜುಗಡ್ಡೆಯಲ್ಲಿ ಒಂದೇ ಆಗಿರುವುದರಿಂದ, ಬದಿಯಡ್ಕದ ಸಹೋದರಿ ತರಗತಿ ಆರಂಭಿಸಿದರೆ ನೀವು ಅಲ್ಲಿಂದಲೇ ಕಲಿಕೆ ಶುರುಮಾಡಬಹುದು.