ಲಾಡ್ಜ್‌ಗೆ ಜನ ಬರ್ತಿಲ್ಲ ಅನ್ನುವವರಿಗೆ

ಫ್ರೀಮೇಸನ್ ಲಾಡ್ಜ್‌ಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅವೇ ಐದಾರು ಪ್ರಶ್ನೆಗಳು. ಇಪ್ಪತ್ತೆಂಟು ವರ್ಷದಿಂದ ಲಾಡ್ಜ್‌ನಲ್ಲಿದ್ದೇನೆ. ಮಾಸ್ಟರ್ ಕುರ್ಚಿಯಲ್ಲಿ, ಅಂದರೆ ಲಾಡ್ಜ್‌ನ ಮುಖ್ಯಸ್ಥನಾಗಿ, ಒಂದು ವರ್ಷ ಕೂತಿದ್ದೇನೆ. ಆಮೇಲೆ ಸುತ್ತಮುತ್ತಲ ಜಿಲ್ಲೆಗಳ ಲಾಡ್ಜ್‌ಗಳಿಗೆ ಹೋಗಿ ಬರುವ ಕೆಲಸವನ್ನೂ ಮಾಡಿದ್ದೇನೆ. ಎಲ್ಲಿ ಹೋದರೂ ಇವೇ ಪ್ರಶ್ನೆಗಳು. ಮೇಸನ್ ಎಂದರೆ ಯಾರು, ಲಾಡ್ಜ್ ಎಂದರೆ ಏನು ಎಂಬುದನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ದೇವರನ್ನು ನಂಬುವ ಗಂಡಸರ ಒಂದು ಹಳೆಯ ಸೋದರ ಸಂಘ ನಮ್ಮದು, ಅದರ ಸದಸ್ಯ ಮೇಸನ್, ಅದರ ಒಂದೊಂದು ಘಟಕ ಲಾಡ್ಜ್. ಒಂದು ಪತ್ರಕ್ಕೆ ಮಾತ್ರ ಕೂತು ಉದ್ದವಾಗಿ ಬರೆಯಬೇಕು ಅನ್ನಿಸಿತು. ಅದೇ ಮೊದಲು.

ಪ್ರಶ್ನೆ: ನಮ್ಮದು ಜಿಲ್ಲಾ ಕೇಂದ್ರದ ಹಳೆಯ ಲಾಡ್ಜ್. ಪಟ್ಟಿಯಲ್ಲಿ 41 ಹೆಸರಿದೆ. ಸಭೆಗೆ ಬರುವವರು 12 ಜನ. ನಾನು ಈಗ ಸೀನಿಯರ್ ವಾರ್ಡನ್ (ಮಾಸ್ಟರ್ ನಂತರದ ಹುದ್ದೆ), ಬರುವ ವರ್ಷ ಮಾಸ್ಟರ್ ಆಗುತ್ತೇನೆ. ದೊಡ್ಡ ಮೆಂಬರ್‌ಶಿಪ್ ಡ್ರೈವ್ ಮಾಡೋಣ ಅಂತಿದ್ದೇನೆ. ಫೇಸ್‌ಬುಕ್ ಜಾಹೀರಾತು, ಊರಿನ ಕ್ಲಬ್‌ಗಳವರಿಗೆಲ್ಲ ಆಹ್ವಾನ, ಪ್ರತಿ ಸದಸ್ಯನೂ ಇಬ್ಬರನ್ನು ಕರೆತರಬೇಕು ಎಂಬ ಟಾರ್ಗೆಟ್. ಸರಿ ಅಲ್ವಾ ಸರ್?

ಸರಿ ಅಲ್ಲ.

41ರಲ್ಲಿ 12 ಜನ ಬರುತ್ತಾರೆ ಎಂದರೆ 29 ಜನ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಆ 29 ಜನರ ಬಗ್ಗೆ ಒಂದು ಮಾತೂ ಇಲ್ಲ. ಅವರನ್ನೂ ಯಾರೋ ಪ್ರಪೋಸ್ ಮಾಡಿದ್ದರು, ಯಾರೋ ಸೆಕೆಂಡ್ ಮಾಡಿದ್ದರು. ನೀವೆಲ್ಲ ಬ್ಯಾಲಟ್ ಪೆಟ್ಟಿಗೆಗೆ ಒಪ್ಪಿಗೆಯ ಬಿಳಿ ಗುಂಡು ಹಾಕಿ ಒಳಗೆ ಕರೆದಿದ್ದಿರಿ. ಈಗ ಯಾಕೆ ಬರುತ್ತಿಲ್ಲ? ಕೇಳಿದ್ದೀರಾ? ಅದಕ್ಕೆ ಉತ್ತರ ಸಿಗುವ ತನಕ 42ನೆಯವನನ್ನು ಕರೆಯಬೇಡಿ. ಕರೆದರೆ ಅವನೂ ಎರಡು ವರ್ಷದಲ್ಲಿ ಆ 29 ಜನರ ಸಾಲಿಗೆ ಸೇರುತ್ತಾನೆ.

ಟಾರ್ಗೆಟ್ ಮಾತು ಕೇಳಿ ನನಗೆ ನಿಜವಾಗಿಯೂ ಸಿಟ್ಟು ಬಂತು. ಒಳಗೆ ಬರುವವನು ಎಲ್ಲರ ಮುಂದೆ ತನ್ನ ಬಾಯಲ್ಲೇ ಏನು ಹೇಳಬೇಕು? ಗೆಳೆಯರ ಒತ್ತಾಯಕ್ಕೆ ಬಂದಿಲ್ಲ, ಲಾಭದ ಆಸೆಗೆ ಬಂದಿಲ್ಲ, ನನ್ನ ಇಷ್ಟದಿಂದ ಬಂದಿದ್ದೇನೆ ಎಂದು. ನೀವು ಕೋಟಾ ಕೊಟ್ಟು ಎಳೆದು ತಂದರೆ ಅವನಿಂದ ಮೊದಲ ದಿನವೇ ಸುಳ್ಳು ಹೇಳಿಸಿದ ಹಾಗೆ. ಹಾಗೆಂದು ಬಾಯಿ ಮುಚ್ಚಿಕೊಂಡೇ ಇರಬೇಕು ಎಂದೇನೂ ಇಲ್ಲ. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್, ಅಂದರೆ ಅಲ್ಲಿನ ಲಾಡ್ಜ್‌ಗಳ ಮೇಲಿನ ಸಂಸ್ಥೆ, 1981ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಯೋಗ್ಯ ಎನ್ನಿಸಿದವನಿಗೆ ಒತ್ತಾಯವಿಲ್ಲದೆ ವಿಷಯ ತಿಳಿಸಬಹುದು. ಬೇಕಾದರೆ ಒಮ್ಮೆ ನೆನಪಿಸಬಹುದು. ಆಮೇಲೆ ಅವನ ಪಾಡಿಗೆ ಬಿಡಬೇಕು. ನಾನೂ ಹೋದ ಕಡೆಯಲ್ಲೆಲ್ಲ ಇದನ್ನೇ ಹೇಳುತ್ತೇನೆ. ಒಮ್ಮೆ ಹೇಳಿ, ಒಮ್ಮೆ ನೆನಪಿಸಿ, ಸುಮ್ಮನಾಗಿ.

ಬಾಗಿಲು ಅಗಲ ಮಾಡಿದರೆ ಏನಾಗುತ್ತದೆ ಎಂದು ತಿಳಿಯಲು ಅಮೆರಿಕದ ಕಡೆ ನೋಡಿ. 1959ರಲ್ಲಿ ಅಲ್ಲಿ 41 ಲಕ್ಷ ಮೇಸನ್ನರಿದ್ದರು. ಈಗ 10 ಲಕ್ಷಕ್ಕಿಂತ ಕಡಿಮೆ. ನಡುವೆ ಕೆಲವು ರಾಜ್ಯಗಳವರು ಸಂಖ್ಯೆ ಏರಿಸಲು ಒಂದು ಉಪಾಯ ಮಾಡಿದರು. ದೊಡ್ಡ ಸಭಾಂಗಣದಲ್ಲಿ ಸಾವಿರಾರು ಜನರನ್ನು ಕೂರಿಸಿ ಮೇಸನ್ ಆಗುವ ಮೂರು ಹಂತವನ್ನೂ, ಅಂದರೆ ಮೂರು ಡಿಗ್ರಿಯನ್ನೂ, ಒಂದೇ ದಿನದಲ್ಲಿ ಕೊಟ್ಟರು. ಇಳಿಕೆ ನಿಲ್ಲಲಿಲ್ಲ.

ಅಷ್ಟು ದೂರ ಯಾಕೆ, ನಾನು ಮಾಸ್ಟರ್ ಆಗಿದ್ದ ವರ್ಷ ಐದು ಜನರನ್ನು ಸೇರಿಸಿಕೊಂಡೆ. ಬೆನ್ನು ತಟ್ಟಿದರು, ಹಾರ ಹಾಕಿದರು. ಮೂರು ವರ್ಷದ ನಂತರ ಆ ಐವರಲ್ಲಿ ಸಭೆಗೆ ಬರುತ್ತಿದ್ದವನು ಒಬ್ಬನೇ. ಬಿಟ್ಟು ಹೋದವರಲ್ಲಿ ಒಬ್ಬ ಮದುವೆಮನೆಯಲ್ಲಿ ಸಿಕ್ಕ. ಯಾಕಪ್ಪ ಬರ್ತಿಲ್ಲ ಎಂದೆ. "ಮೂರನೇ ಡಿಗ್ರಿ ಆದ ಮೇಲೆ ನನಗೆ ಯಾರೂ ಒಂದು ಫೋನೂ ಮಾಡಲಿಲ್ಲ ಸರ್" ಎಂದ. ಅವನು ಜಗಳ ಆಡಲಿಲ್ಲ, ದೂರಲೂ ಇಲ್ಲ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ನೀವು ಕುರ್ಚಿಗೆ ಏರುವ ಮೊದಲೇ ಈ ಕೆಲಸ ಶುರು ಮಾಡಿ. 29 ಹೆಸರಿನ ಪಟ್ಟಿ ಹಿಡಿದುಕೊಳ್ಳಿ. ವಾರಕ್ಕೆ ಇಬ್ಬರಿಗೆ ಫೋನ್ ಮಾಡಿ. ಆಗುವುದಾದರೆ ಮನೆಗೇ ಹೋಗಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರಿಗೂ ಒಂದೇ ಮೆಸೇಜ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಆ ಫೋನಿನಲ್ಲಿ ಬಾಕಿ ಶುಲ್ಕದ ಮಾತು ಎತ್ತಲೇಬೇಡಿ. ಕೆಲವು ಲಾಡ್ಜ್‌ಗಳಲ್ಲಿ ಸದಸ್ಯನಿಗೆ ವರ್ಷಕ್ಕೆ ಒಂದೇ ಫೋನ್ ಹೋಗುತ್ತದೆ, ಅದೂ ಟ್ರೆಷರರ್‌ದು. ಯಾರಿಗೆ ತಾನೇ ಬರಬೇಕು ಅನ್ನಿಸುತ್ತದೆ?

29ರಲ್ಲಿ ಕೆಲವರಿಗೆ ವಯಸ್ಸಾಗಿದೆ. ರಾತ್ರಿ ಸ್ಕೂಟರ್ ಓಡಿಸಲಾರರು. ಅವರನ್ನು ಕರೆದುಕೊಂಡು ಬರುವ, ವಾಪಸ್ ಬಿಡುವ ಜವಾಬ್ದಾರಿಯನ್ನು ಕಾರಿರುವ ಸದಸ್ಯರಿಗೆ ವಹಿಸಿ. ಕೆಲವರು ಊರು ಬಿಟ್ಟಿದ್ದಾರೆ. ಅವರಿಗೆ ಹೋದ ಊರಿನ ಲಾಡ್ಜ್‌ನ ಪರಿಚಯ ಮಾಡಿಸಿ. ಕೆಲವರಿಗೆ ಯಾರದೋ ಮಾತು ನೋವು ಮಾಡಿರುತ್ತದೆ. ಹೆಚ್ಚಿನ ಸಾರಿ ಆ ಮಾತು ಆಡಿದವರು ಪಾಸ್ಟ್ ಮಾಸ್ಟರ್‌ಗಳೇ, ಅಂದರೆ ಹಿಂದೆ ಮಾಸ್ಟರ್ ಆಗಿದ್ದವರೇ.

ಈ ವಿಷಯವನ್ನು ಮುಚ್ಚಿಡದೆ ಬರೆಯುತ್ತೇನೆ, ಯಾಕೆಂದರೆ ನಾನೂ ಒಬ್ಬ ಪಾಸ್ಟ್ ಮಾಸ್ಟರ್. ಹೊಸ ಡೀಕನ್, ಅಂದರೆ ಲಾಡ್ಜ್‌ನ ಕಿರಿಯ ಪದಾಧಿಕಾರಿ, ನಡುಗುತ್ತಾ ರಿಚುಯಲ್‌ನ, ಅಂದರೆ ನಮ್ಮ ವಿಧಿಯ ಮಾತಿನ, ನಾಲ್ಕು ಸಾಲು ಹೇಳುತ್ತಿರುತ್ತಾನೆ. ರಾತ್ರಿಯೆಲ್ಲ ಕೂತು ಬಾಯಿಪಾಠ ಮಾಡಿರುತ್ತಾನೆ, ಅದೂ ಇನ್ನೂರು ಮುನ್ನೂರು ವರ್ಷ ಹಳೆಯ ಧಾಟಿಯ ಇಂಗ್ಲಿಷಿನಲ್ಲಿ. ಒಂದು ಪದ ತಪ್ಪಿತು ಅನ್ನಿ, ಪಾಸ್ಟ್ ಮಾಸ್ಟರ್‌ಗಳು ಕೂರುವ ಪೂರ್ವ ದಿಕ್ಕಿನ ಸಾಲಿನಿಂದ ನಾಲ್ಕು ಜನ ಒಟ್ಟಿಗೆ ಸರಿ ಪದ ಕೂಗುತ್ತಾರೆ. ಅವನು ಉಳಿದದ್ದನ್ನೂ ಮರೆಯುತ್ತಾನೆ. ಮುಂದಿನ ತಿಂಗಳು ಬರುವುದಿಲ್ಲ. ನಿಮ್ಮ ವರ್ಷದಲ್ಲಿ ಒಂದು ನಿಯಮ ಮಾಡಿ. ಮರೆತ ಪದ ಎತ್ತಿ ಕೊಡುವವರು ಒಬ್ಬರೇ, ಅವರ ಹೆಸರು ಮೊದಲೇ ಗೊತ್ತಿರಬೇಕು. ಉಳಿದವರು, ನನ್ನಂಥ ಹಿರಿಯರೂ ಸೇರಿ, ತುಟಿ ಬಿಚ್ಚಬಾರದು. ರಿಚುಯಲ್‌ನ ಅರ್ಥವನ್ನು ಹೊಸಬರಿಗೆ ಹಿಂದಿನ ಭಾನುವಾರ ಕನ್ನಡದಲ್ಲಿ ಬಿಡಿಸಿ ಹೇಳಿ. ಅರ್ಥ ಗೊತ್ತಾದವನಿಗೆ ಪದ ತಾನಾಗಿ ಕೂರುತ್ತದೆ. ಅರ್ಥ ಗೊತ್ತಿಲ್ಲದೆ ಉರು ಹೊಡೆದವನು ಭಯದಲ್ಲೇ ನಿಂತಿರುತ್ತಾನೆ.

ಸಮಯದ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ಸಮನ್ಸ್‌ನಲ್ಲಿ, ಅಂದರೆ ಸಭೆಗೆ ಕರೆಯುವ ಪತ್ರದಲ್ಲಿ, ಆರೂವರೆ ಎಂದಿದ್ದರೆ ಆರೂವರೆಗೆ ಲಾಡ್ಜ್ ತೆರೆಯಬೇಕು. ಏಳೂಕಾಲಿಗೆ ಶುರು ಮಾಡಿ, ಹಳೆಯ ಪತ್ರಗಳನ್ನೆಲ್ಲ ಗಟ್ಟಿಯಾಗಿ ಓದಿ, ಹತ್ತೂವರೆಗೆ ಊಟ ಹಾಕಿದರೆ ಅಂಗಡಿ ಇಟ್ಟವನೂ ಬರಲಾರ, ಬೆಳಿಗ್ಗೆ ಮಗುವನ್ನು ಸ್ಕೂಲಿಗೆ ಬಿಡುವವನೂ ಬರಲಾರ. ಊಟ ಸರಳವಾಗಿರಲಿ. ಹೊಸ ಮಾಸ್ಟರ್ ಕುರ್ಚಿಗೆ ಏರುವ ಇನ್‌ಸ್ಟಾಲೇಷನ್ ದಿನ ಮದುವೆಯ ಹಾಗೆ ಖರ್ಚು ಮಾಡುವ ಚಾಳಿ ನಿಲ್ಲಿಸಿ. ಒಬ್ಬ ಮಾಸ್ಟರ್ ಜಾಸ್ತಿ ಖರ್ಚು ಮಾಡಿದರೆ ಮುಂದಿನವನೂ ಅಷ್ಟೇ ಮಾಡಬೇಕಾಗುತ್ತದೆ. ಸಂಬಳದಲ್ಲಿ ಬದುಕುವ ಒಳ್ಳೆಯ ಮೇಷ್ಟ್ರೊಬ್ಬರು ಈ ಹೆದರಿಕೆಗೇ ಕುರ್ಚಿ ಬೇಡ ಎಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಲಾಡ್ಜ್‌ನಲ್ಲಿ ಎಲ್ಲರೂ ಒಂದೇ ಮಟ್ಟ ಎಂದು ಹೇಳಿ ಹಣವಿದ್ದವನನ್ನು ಮಾತ್ರ ಮೇಲೆ ಕೂರಿಸುವುದು ಯಾವ ನ್ಯಾಯ?

ಇನ್ನು ಆಲ್ಮನರ್, ಅಂದರೆ ಸದಸ್ಯರ, ಅವರ ಮನೆಯವರ ಕಷ್ಟಸುಖ ವಿಚಾರಿಸುವವನು. ತುಂಬಾ ಲಾಡ್ಜ್‌ಗಳಲ್ಲಿ ಕೆಲಸ ಮಾಡಲಾರದ ಹಿರಿಯರಿಗೆ ಈ ಹುದ್ದೆ ಕೊಟ್ಟು ಮರೆತುಬಿಡುತ್ತಾರೆ. ನನ್ನ ಮಟ್ಟಿಗೆ ಮಾಸ್ಟರ್ ಬಿಟ್ಟರೆ ಆಲ್ಮನರ್ ಮುಖ್ಯ. ಯಾರಿಗೆ ಆಪರೇಷನ್ ಆಗಿದೆ, ತೀರಿಕೊಂಡ ಸದಸ್ಯನ ಹೆಂಡತಿ ಹೇಗಿದ್ದಾರೆ, ಅವರ ಮಗಳ ಕಾಲೇಜಿನ ಫೀಸು ಕಟ್ಟಿದ್ದಾಯಿತಾ, ಇದೆಲ್ಲ ಅವನಿಗೆ ಗೊತ್ತಿರಬೇಕು. ನಿಮ್ಮ ಲಾಡ್ಜ್‌ನ ಅತ್ಯಂತ ಚುರುಕಿನ, ಮನೆಮನೆಗೆ ಹೋಗುವ ಅಭ್ಯಾಸವಿರುವ ಮನುಷ್ಯನಿಗೆ ಇದನ್ನು ಕೊಡಿ. ಇನ್ಸ್‌ಟಾಗ್ರಾಂ ಪುಟ ನೋಡಿಕೊಳ್ಳಲು ಹುಡುಗನನ್ನು ಹುಡುಕುವ ಮೊದಲು ಈ ಮನುಷ್ಯನನ್ನು ಹುಡುಕಿ.

ಇಷ್ಟಾದ ಮೇಲೆ ಪ್ರಚಾರದ ಮಾತು. ನಾವು ಇದ್ದೇವೆ ಎಂದು ಊರಿಗೆ ಗೊತ್ತಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಕಿಟಕಿ ಮುಚ್ಚಿ, ರಾತ್ರಿ ಹೊತ್ತು ಸೇರಿ, ಯಾರಿಗೂ ಏನೂ ಹೇಳದೆ ಇದ್ದದ್ದಕ್ಕೇ ಉತ್ತರ ಭಾರತದ ಊರುಗಳಲ್ಲಿ ನಮ್ಮ ಕಟ್ಟಡಗಳಿಗೆ ಜಾದೂಘರ್, ಭೂತ್ ಬಂಗ್ಲಾ ಎಂಬ ಹೆಸರು ಬಿತ್ತು. ಗೇಟಿಗೆ ಕನ್ನಡದಲ್ಲಿ ಬೋರ್ಡ್ ಹಾಕಿ. ಎಷ್ಟೋ ಜನ ಈಗಲೂ ಬಂದು ರೂಮು ಬಾಡಿಗೆ ಎಷ್ಟು ಎಂದು ಕೇಳುತ್ತಾರೆ, ಹಾಗಾಗಿ ಫ್ರೀಮೇಸನ್ ಎಂಬ ಪದ ದೊಡ್ಡದಾಗಿರಲಿ. ವರ್ಷಕ್ಕೆ ಒಂದು ಭಾನುವಾರ ಬಾಗಿಲು ತೆರೆದಿಡಿ. ಕಪ್ಪು ಬಿಳಿ ಚೌಕದ ನೆಲ, ಮೂರು ಮುಖ್ಯ ಕುರ್ಚಿ, ಪೀಠದ ಮೇಲಿನ ಗ್ರಂಥಗಳು, ಎಲ್ಲವನ್ನೂ ಹೆಂಗಸರು ಮಕ್ಕಳು ಬಂದು ನೋಡಲಿ. ದಾನದ ಕೆಲಸವನ್ನು ಒಂದೇ ಕಡೆ, ವರ್ಷಗಟ್ಟಲೆ ಮಾಡಿ. ಕೊಯಮತ್ತೂರಿನಲ್ಲಿ ಮೇಸನ್ನರು ನಡೆಸುವ ಮಕ್ಕಳ ಆಸ್ಪತ್ರೆ ಇದೆ. ಆ ಊರಿನಲ್ಲಿ ಮೇಸನ್ ಎಂದರೆ ಯಾರು ಎಂದು ಯಾರಿಗೂ ಪಾಠ ಮಾಡಬೇಕಾಗಿಲ್ಲ. ಒಂದು ದಿನ ಬಾಳೆಹಣ್ಣು ಹಂಚಿ ಹನ್ನೆರಡು ಫೋಟೋ ಹಾಕಿದರೆ ಆ ಹೆಸರು ಬರುವುದಿಲ್ಲ. ಇನ್ನೊಂದು ಎಚ್ಚರಿಕೆ. ನಿಮ್ಮ ಫೋಟೋ ನೀವು ಹಾಕಿಕೊಳ್ಳಿ. ಇನ್ನೊಬ್ಬ ಸದಸ್ಯನನ್ನು ಕೇಳದೆ ಅವನು ಮೇಸನ್ ಎಂದು ಊರಿಗೆ ಸಾರಬೇಡಿ.

ಹೀಗೆ ಮಾಡಿದಾಗ ತಾವಾಗಿ ಕೇಳಿಕೊಂಡು ಬರುವವರು ಇರುತ್ತಾರೆ. ಅವರನ್ನೂ ತಕ್ಷಣ ಸೇರಿಸಿಕೊಳ್ಳಬೇಡಿ. ಆರು ತಿಂಗಳು, ಒಂದು ವರ್ಷ ನೋಡಿ. ಮನೆಗೆ ಹೋಗಿ ಅವರ ಹೆಂಡತಿಯ ಜೊತೆಗೂ ಮಾತಾಡಿ. ಎಷ್ಟು ಸಂಜೆ ಹೋಗುತ್ತದೆ, ಎಷ್ಟು ಹಣ ಹೋಗುತ್ತದೆ ಎಂದು ಸರಿಯಾಗಿ ಹೇಳಿ. ಸೇರಿದ ದಿನವೇ ಒಬ್ಬ ಹಿರಿಯ ಸದಸ್ಯನನ್ನು ಅಣ್ಣನ ಹಾಗೆ ಜೊತೆ ಮಾಡಿ. ಆ ಅಣ್ಣನ ಕೆಲಸ ಒಂದೇ, ಪ್ರತಿ ಸಭೆಗೂ ಪಕ್ಕದಲ್ಲಿ ಕೂರುವುದು. ವರ್ಷಕ್ಕೆ ಇಬ್ಬರು ಹೀಗೆ ಬಂದರೆ ನಿಮ್ಮಂಥ ಲಾಡ್ಜ್‌ಗೆ ಸಾಕು. ನಿಮ್ಮ ವರ್ಷ ಮುಗಿದಾಗ ಪಟ್ಟಿಯಲ್ಲಿ 41ರ ಬದಲು 36 ಹೆಸರಿದ್ದು, ಸಭೆಗೆ 24 ಜನ ಬಂದರೆ ನಾನೇ ಬಂದು ನಿಮಗೆ ಹಾರ ಹಾಕುತ್ತೇನೆ.

ಪ್ರಶ್ನೆ: ಮೇಸನ್ನರೂ ಇಲ್ಲುಮಿನಾಟಿಯೂ ಒಂದೇ ತಾನೆ?

ಅಲ್ಲ. ಇಲ್ಲುಮಿನಾಟಿ ಎಂಬ ಗುಪ್ತ ಸಂಘ 1776ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿತು, ಹತ್ತು ವರ್ಷದೊಳಗೆ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಯೂಟ್ಯೂಬ್ ನೋಡಿ ಈ ಪ್ರಶ್ನೆ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ.

ಪ್ರಶ್ನೆ: ವಾಟ್ಸ್ಆ್ಯಪ್‌ನಲ್ಲಿ ಒಬ್ಬರು 25,000 ರೂಪಾಯಿ ಕಟ್ಟಿದರೆ ಆನ್‌ಲೈನ್‌ನಲ್ಲೇ ಮೇಸನ್ ಮಾಡುತ್ತೇವೆ, 33ನೇ ಡಿಗ್ರಿ ಕೊಡುತ್ತೇವೆ, ತಿಂಗಳು ತಿಂಗಳು ಹಣ ಬರುತ್ತದೆ ಅಂತಿದ್ದಾರೆ. ಕಟ್ಟಲಾ?

ಕಟ್ಟಬೇಡಿ. ಕಟ್ಟಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಅವನು ಕಳ್ಳ. ಆನ್‌ಲೈನ್‌ನಲ್ಲಿ ಯಾರನ್ನೂ ಮೇಸನ್ ಮಾಡಲು ಆಗುವುದಿಲ್ಲ. ಲಾಡ್ಜ್‌ನ ಒಳಗೆ ನಿಮ್ಮ ಕಾಲ ಮೇಲೆ ನೀವೇ ನಿಲ್ಲಬೇಕು. ನಮ್ಮಲ್ಲಿ ಮೂರನೇ ಡಿಗ್ರಿಗಿಂತ ಮೇಲೆ ಇನ್ನೊಂದಿಲ್ಲ. 33 ಎನ್ನುವುದು ಬೇರೆಯೇ ಒಂದು ವ್ಯವಸ್ಥೆಯ ಲೆಕ್ಕ, ಅದನ್ನೂ ಯಾರೂ ಮಾರುವುದಿಲ್ಲ. ಲಾಡ್ಜ್ ಯಾರಿಗೂ ಸಂಬಳ ಕೊಡುವುದಿಲ್ಲ. ಸದಸ್ಯನೇ ಕೈಯಿಂದ ಕೊಡಬೇಕು. ಹೋದ ವರ್ಷ ಒಬ್ಬ ಹುಡುಗ ತಾಯಿಯ ಬಳೆ ಅಡವಿಟ್ಟು ಇಂಥವರಿಗೆ ಹಣ ಕಳಿಸಿ, ಆಮೇಲೆ ನನ್ನ ಹತ್ತಿರ ಬಂದು ಅತ್ತ. ನನ್ನಿಂದ ಏನೂ ಮಾಡಲಾಗಲಿಲ್ಲ.

ಪ್ರಶ್ನೆ: ಸೇರಿದರೆ ಬಿಸಿನೆಸ್‌ಗೆ ಒಳ್ಳೆಯದಾಗುತ್ತದಾ?

ಈ ಕಾರಣಕ್ಕೆ ಬರುವುದಾದರೆ ಬರಬೇಡಿ.

ಪ್ರಶ್ನೆ: ನಾನು ದಿನಾ ಪೂಜೆ ಮಾಡುವವನು. ಮೇಸನ್ ಆದರೆ ಧರ್ಮ ಬಿಡಬೇಕಾ?

ದೇವರಲ್ಲಿ ನಂಬಿಕೆ ಇಲ್ಲದವನನ್ನೇ ನಾವು ಸೇರಿಸಿಕೊಳ್ಳುವುದಿಲ್ಲ. ಯಾವ ದೇವರು ಎಂದು ಕೇಳುವುದೂ ಇಲ್ಲ. ನಮ್ಮ ಲಾಡ್ಜ್‌ಗಳಲ್ಲಿ ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಪಾರ್ಸಿಗಳ ಅವೆಸ್ತಾ ಒಂದೇ ಪೀಠದ ಮೇಲಿರುತ್ತವೆ. ಸ್ವಾಮಿ ವಿವೇಕಾನಂದರು ಇನ್ನೂ ನರೇಂದ್ರನಾಥ ದತ್ತರಾಗಿದ್ದಾಗ, 1884ರಲ್ಲಿ, ಕಲ್ಕತ್ತಾದ ಒಂದು ಲಾಡ್ಜ್‌ಗೆ ಸೇರಿದ್ದರು. ಲಾಡ್ಜ್ ಒಳಗೆ ಧರ್ಮದ ಚರ್ಚೆ, ರಾಜಕೀಯದ ಚರ್ಚೆ ಎರಡಕ್ಕೂ ಅವಕಾಶವಿಲ್ಲ.

ಪ್ರಶ್ನೆ: ಹೆಂಗಸರನ್ನು ಯಾಕೆ ಸೇರಿಸಿಕೊಳ್ಳುವುದಿಲ್ಲ?

ನಮ್ಮ ಗ್ರ್ಯಾಂಡ್ ಲಾಡ್ಜ್‌ನ ನಿಯಮ ಹಾಗಿದೆ. ಇಂಗ್ಲೆಂಡಿನಲ್ಲಿ 1908ರಲ್ಲಿ ಶುರುವಾದ ಒಂದು ಸಂಸ್ಥೆ ಆಮೇಲೆ ಹೆಂಗಸರದೇ ಪ್ರತ್ಯೇಕ ಸಂಸ್ಥೆ ಆಯಿತು, ಈಗಲೂ ಇದೆ. ಹೆಂಗಸರು ಗಂಡಸರು ಕೂಡಿ ನಡೆಸುವ ಪದ್ಧತಿಯನ್ನು ಭಾರತಕ್ಕೆ ತಂದವರು ಆ್ಯನಿ ಬೆಸೆಂಟ್.

ಪ್ರಶ್ನೆ: ನಮ್ಮ ತಾತ ಮೇಸನ್ ಆಗಿದ್ದರಂತೆ. ಅಟ್ಟದ ಪೆಟ್ಟಿಗೆಯಲ್ಲಿ ಅವರು ಲಾಡ್ಜ್ ಸಭೆಯಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಏಪ್ರನ್ ಸಿಕ್ಕಿದೆ. ಏನು ಮಾಡಲಿ?

ಇಂಥ ಪತ್ರ ಬಂದಾಗ ಖುಷಿಯಾಗುತ್ತದೆ. ಮೊದಲು ಅದನ್ನು ತೊಳೆಯಬೇಡಿ. ಕುರಿಮರಿಯ ಚರ್ಮ ಅದು, ನೀರು ಬಿದ್ದರೆ ಹಾಳು. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಇಂಗ್ಲಿಷ್ ಪದ್ಧತಿಯ ಏಪ್ರನ್ ಆದರೆ ಸುಲಭವಾಗಿ ಗುರುತಿಸಬಹುದು. ಬರೀ ಬಿಳಿ ಇದ್ದರೆ ಮೊದಲ ಡಿಗ್ರಿ. ತಿಳಿ ನೀಲಿ ಅಂಚು, ಮೂರು ನೀಲಿ ಹೂವಿದ್ದರೆ ಮೂರನೆಯದು. ಹೂವಿನ ಜಾಗದಲ್ಲಿ ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದಂಥ ಲೋಹದ ಗುರುತಿದ್ದರೆ ನಿಮ್ಮ ತಾತ ಒಂದು ಕಾಲಕ್ಕೆ ಮಾಸ್ಟರ್ ಆಗಿದ್ದವರು. ಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟ ಸರ್ಟಿಫಿಕೇಟ್ ಇದೆಯಾ ಎಂದು ಇನ್ನೊಮ್ಮೆ ನೋಡಿ. ಅದರಲ್ಲಿ ಲಾಡ್ಜ್‌ನ ಹೆಸರು, ನಂಬರು ಇರುತ್ತದೆ. ಭಾರತದ ಗ್ರ್ಯಾಂಡ್ ಲಾಡ್ಜ್ ಶುರುವಾದದ್ದು 1961ರ ನವೆಂಬರ್ 24ರಂದು. ಅದಕ್ಕೂ ಹಿಂದಿನದಾದರೆ ಇಂಗ್ಲೆಂಡ್, ಸ್ಕಾಟ್ಲೆಂಡ್ ಅಥವಾ ಐರ್ಲೆಂಡಿನ ಹೆಸರಿರುತ್ತದೆ. ಆ ನಂಬರ್ ಬರೆದು ಚೆನ್ನೈನಲ್ಲಿರುವ ದಕ್ಷಿಣ ಭಾರತದ ರೀಜನಲ್ ಗ್ರ್ಯಾಂಡ್ ಲಾಡ್ಜ್ ಕಚೇರಿಗೆ ಒಂದು ಕಾಗದ ಹಾಕಿ. ನಿಮ್ಮ ಅಜ್ಜಿ ಇನ್ನೂ ಇದ್ದಾರಾ? ಇದ್ದರೆ ಅದನ್ನೂ ಬರೆಯಿರಿ. ತಾತನ ಲಾಡ್ಜ್ ಇನ್ನೂ ನಡೆಯುತ್ತಿದ್ದರೆ ಅದರ ಆಲ್ಮನರ್ ಅಜ್ಜಿಯನ್ನು ನೋಡಲು ಬರಬೇಕು.