ಮನೆ ಮುಂದಿನ ಹಳೇ ಚಪ್ಪಡಿ, ಕಾಂಕ್ರೀಟ್ ಕಿತ್ತ ಮೇಲೆ ಎಲ್ಲಿ ಹಾಕೋದು?

ನೀವು ಕೇಳಿರೋದು ಇಷ್ಟು: ಬೆಂಗಳೂರಲ್ಲಿ ಹಳೇ ಮನೆ. ಗೇಟಿನಿಂದ ಬಾಗಿಲವರೆಗೆ ಸುಮಾರು 400 ಚದರಡಿ ಜಾಗ, ಅರ್ಧ ಚಪ್ಪಡಿ ಕಲ್ಲು, ಅರ್ಧ ಕಾಂಕ್ರೀಟ್. ಅದನ್ನು ಕಿತ್ತು ಇಂಟರ್‌ಲಾಕ್ (ಒಂದಕ್ಕೊಂದು ಕಚ್ಚಿ ಕೂರುವ ಸಿಮೆಂಟ್ ಬಿಲ್ಲೆ) ಹಾಕಿಸಬೇಕು, ಹಳೇದನ್ನು ಏನು ಮಾಡೋದು ಅಂತ. ನಾನು ಇದೇ ಕೆಲಸ ಮಾಡಿಸಿದ್ದೇನೆ, ಒಂದು ದೊಡ್ಡ ತಪ್ಪೂ ಮಾಡಿದ್ದೇನೆ. ಮೊದಲು ಅದನ್ನೇ ಹೇಳುತ್ತೇನೆ.

ಕಿತ್ತಿದ್ದನ್ನು ಸಾಗಿಸೋಕೆ ಒಬ್ಬ ಟ್ರ್ಯಾಕ್ಟರ್‌ನವನನ್ನು ಗೊತ್ತು ಮಾಡಿದ್ದೆ. "ಎಲ್ಲಿ ಹಾಕ್ತೀಯಪ್ಪಾ?" ಅಂದೆ. "ಅದೆಲ್ಲ ನಿಮಗ್ಯಾಕೆ ಸಾರ್, ನಾವು ನೋಡ್ಕೋತೀವಿ" ಅಂದ. ನಾನೂ ಸುಮ್ಮನಾದೆ. ಒಂದು ವಾರ ಕಳೆದು ಬೆಳಗ್ಗೆ ಕೆರೆ ಕಡೆ ವಾಕಿಂಗ್ ಹೋದರೆ, ಕೆರೆಗೆ ನೀರು ಬರುವ ಕಾಲುವೆಯ ಬಾಯಲ್ಲೇ ಒಂದು ರಾಶಿ. ಮೇಲೊಂದು ಚಪ್ಪಡಿ. ಅದರ ಮೇಲೆ ಬಿಳಿ ಪೇಂಟಿನ ರಂಗೋಲಿ, ಒಂದು ಮೂಲೆಯ ಎಳೆ ಕಾಲಿನ ಓಡಾಟಕ್ಕೆ ಸವೆದುಹೋಗಿದೆ. ನಮ್ಮಮ್ಮ ಕೂತು ಬರೆದಿದ್ದ ರಂಗೋಲಿ ಅದು. ಆ ಬಾಯಿ ಕಟ್ಟಿಕೊಂಡರೆ ಮಳೆ ನೀರು ಕೆರೆಗೆ ಹೋಗದೆ ಬೀದಿಗೇ ನುಗ್ಗುತ್ತದೆ, ಅಲ್ವಾ? ಬಹಳ ಸಂಕಟವಾಯಿತು. ಆ ಕಲ್ಲನ್ನು ಆಟೋದಲ್ಲಿ ವಾಪಸ್ ತಂದೆವು. ಮಿಕ್ಕಿದ್ದನ್ನು ಮತ್ತೆ ದುಡ್ಡು ಕೊಟ್ಟು ಎತ್ತಿಸಿದೆ.

ಅದಕ್ಕೇ ಹೇಳುತ್ತೇನೆ, ಯಾವುದು ಎಲ್ಲಿಗೆ ಹೋಗಬೇಕು ಅಂತ ಗೊತ್ತಾದ ಮೇಲೆಯೇ ಹಾರೆ ಹಾಕಿಸಿ. ಚಪ್ಪಡಿಯನ್ನಂತೂ ಕಸ ಅಂದುಕೊಳ್ಳಬೇಡಿ. ಸಾದರಹಳ್ಳಿಯ ಗಟ್ಟಿ ಗ್ರಾನೈಟ್ ಕಲ್ಲಾಗಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಕಲ್ಲು ಇಡಿಯಾಗಿ ಬರಬೇಕು ಅಂದರೆ ಈ ಕೆಲಸವನ್ನು ಕಾಂಟ್ರಾಕ್ಟ್ ಕೊಡಬೇಡಿ, ದಿನಗೂಲಿ ಲೆಕ್ಕದಲ್ಲಿ ಮಾಡಿಸಿ. ಕಾಂಟ್ರಾಕ್ಟ್ ಅಂದರೆ ಬೇಗ ಮುಗಿಸುವ ಆತುರ, ಸುತ್ತಿಗೆ ಏಟಿಗೆ ಎಲ್ಲ ಚೂರು. ಮೇಸ್ತ್ರಿಗೆ ಮೊದಲೇ "ಕಲ್ಲು ಒಡೀಬಾರದು" ಅಂತ ಹೇಳಿಬಿಡಿ. ಮಣ್ಣು, ಮರಳಿನ ಮೇಲೆ ಕೂರಿಸಿದ ಕಲ್ಲಾದರೆ ಅಂಚಿನಿಂದ ಶುರು ಮಾಡಿ ಮೀಟಿದರೆ ಸುಲಭವಾಗಿ ಏಳುತ್ತದೆ. ಸಿಮೆಂಟ್ ಹಾಕಿ ಕೂರಿಸಿದ್ದರೆ ಮೊದಲು ಸುತ್ತಲಿನ ಸಂದನ್ನು ಉಳಿಯಿಂದ ಬಿಡಿಸಬೇಕು. ಎರಡಡಿಗೆ ಎರಡಡಿ, ಎರಡಿಂಚು ದಪ್ಪದ ಒಂದು ಕಲ್ಲು ಸುಮಾರು 50 ಕೆಜಿ ತೂಗುತ್ತದೆ. ಒಬ್ಬರೇ ಎತ್ತೋಕೆ ಹೋಗಬೇಡಿ, ಸೊಂಟ ಹಿಡಿಯುತ್ತದೆ. ಕಿತ್ತ ಕಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನದು ಬಿರುಕು ಬಿಡುತ್ತದೆ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ, ಗಿಡಗಳ ನಡುವೆ ನಡೆದಾಡೋಕೆ ಬೇಕಾದಷ್ಟು ಇಟ್ಟುಕೊಳ್ಳಿ. ಮಿಕ್ಕಿದ್ದನ್ನು ಹಳೇ ಬಾಗಿಲು ಕಿಟಕಿ ಮಾರುವವರಿಗೆ ತೋರಿಸಿ, ಅಥವಾ ಬೇಕಾದವರಿಗೆ ಕೊಡಿ. ನಮ್ಮ ಬೀದಿಯಲ್ಲೇ ಇಬ್ಬರು ಕೇಳಿ ತೆಗೆದುಕೊಂಡು ಹೋದರು.

ಕಾಂಕ್ರೀಟಿನದು ಬೇರೆ ಕತೆ. 200 ಚದರಡಿ, ನಾಲ್ಕಿಂಚು ದಪ್ಪ ಅಂದರೆ ಸುಮಾರು ನಾಲ್ಕೂವರೆ ಟನ್. ಒಡೆದ ಮೇಲೆ ರಾಶಿ ಒಂದೂವರೆ ಪಟ್ಟು ಕಾಣುತ್ತದೆ, ಹೆಚ್ಚು ಕಡಿಮೆ ಒಂದು ಟ್ರ್ಯಾಕ್ಟರ್ ಲೋಡ್. ಒಡೆಯುವಾಗ ನೀರು ಚಿಮುಕಿಸುತ್ತಾ ಇರಲಿ, ಮಾಸ್ಕ್ ಹಾಕಿಸಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒಡೆದ ಚೂರನ್ನು ಇನ್ನೂ ಸಣ್ಣದು ಮಾಡಿ ದಿಮ್ಮಸ್ ಹಾಕಿ ಬಡಿದು ಗಟ್ಟಿ ಮಾಡಿದರೆ ನಡೆದಾಡುವ ಕಡೆ ಇಂಟರ್‌ಲಾಕ್ ಅಡಿಗೆ ಆಗುತ್ತದೆ. ಕಾರು ನಿಲ್ಲುವ ಕಡೆ ಮಾತ್ರ ಹೊಸ ಜಲ್ಲಿಯೇ ಹಾಕಿಸಿ, ಅಲ್ಲಿ ಉಳಿತಾಯ ಮಾಡಿದರೆ ಆಮೇಲೆ ಕುಸಿಯುತ್ತದೆ.

ಉಳಿದಿದ್ದಕ್ಕೆ ಮಣ್ಣು, ಎಲೆ, ಪ್ಲಾಸ್ಟಿಕ್, ಮರದ ಚೂರು ಸೇರಿಸಬೇಡಿ. ಶುದ್ಧ ಕಾಂಕ್ರೀಟ್ ಆದರೆ ಪುಡಿ ಮಾಡಿ, ಜರಡಿ ಹಿಡಿದು ಮತ್ತೆ ಜಲ್ಲಿ, ಮರಳು ಮಾಡುತ್ತಾರೆ. ಚಿಕ್ಕಜಾಲದ ಹತ್ತಿರ ಅಂಥ ಘಟಕವಿದೆ. ನಿಮ್ಮ ಮನೆಗೆ ಯಾವುದು ಹತ್ತಿರ, ಯಾರು ಒಯ್ಯುತ್ತಾರೆ ಅಂತ ಪಾಲಿಕೆಯ ವಾರ್ಡ್ ಆಫೀಸಿನಲ್ಲಿ ಕೇಳಿ. 2016ರ ಕೇಂದ್ರದ ನಿಯಮದಲ್ಲೇ ಕಟ್ಟಡದ ಕಸವನ್ನು ಬೇರೆ ಬೇರೆ ಮಾಡಿ ಕೊಡುವುದು, ರಸ್ತೆಗೆ ಮೋರಿಗೆ ಹೋಗದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ ಅಂತ ಹೇಳಿತ್ತು. ಖಾಸಗಿ ಗಾಡಿಯೇ ಆದರೆ ಅರ್ಧ ದುಡ್ಡು ಮಾತ್ರ ಮೊದಲು ಕೊಡಿ. ಇಳಿಸಿದ ಜಾಗದ ಫೋಟೋ, ಲೊಕೇಶನ್ ಬಂದ ಮೇಲೆ ಬಾಕಿ. ಎರಡನೇ ಸಲ ನಾನು ಹಾಗೇ ಮಾಡಿದೆ, ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಅಂದಹಾಗೆ, ಚೂರನ್ನು ಬೀದಿಯ ಮರದ ಬುಡಕ್ಕಂತೂ ಸುರಿಸಬೇಡಿ, ಸಿಮೆಂಟಿನ ಸುಣ್ಣದಂಶ ಬೇರಿಗೆ ಒಗ್ಗುವುದಿಲ್ಲ. ಕೆಲವರು "ಕೀಳೋದು ಯಾಕೆ, ಹಳೇದರ ಮೇಲೇ ಹಾಕೋಣ" ಅಂತಾರೆ, ಅದಕ್ಕೂ ಒಪ್ಪಬೇಡಿ. ಅಂಗಳ ಮೂರ್ನಾಲ್ಕು ಇಂಚು ಎತ್ತರವಾದರೆ ಜೋರು ಮಳೆಗೆ ನೀರು ಹೊಸಲು ದಾಟುತ್ತದೆ.