ಕ್ವಾಲಿಟಿ ಕೆಲಸ ಅಂದರೆ ಕ್ಯೂಬ್ ಟೆಸ್ಟ್, ಫೈಲು ಅಷ್ಟೇನಾ?

ಕಟ್ಟಡ ಕಂಪನಿಯ ಕ್ವಾಲಿಟಿ ವಿಭಾಗಕ್ಕೆ ಹೊಸದಾಗಿ ಸೇರಿದ್ದೀರಿ. ದಿನವಿಡೀ ಕ್ಯೂಬ್ (ಬಲ ಪರೀಕ್ಷೆಗೆ ಅಚ್ಚಿನಲ್ಲಿ ಹಾಕುವ ಕಾಂಕ್ರೀಟ್ ಗಟ್ಟಿ) ತುಂಬುವುದು, ಫಾರ್ಮ್ ತುಂಬುವುದು ಬಿಟ್ಟರೆ ಇದರಲ್ಲಿ ಇನ್ನೇನಿದೆ ಅಂತ ಕೇಳಿದ್ದೀರಿ. ನಾನೂ ಸೈಟಿನಲ್ಲಿ ಇದೇ ಕೆಲಸ ಮಾಡುವವನು. ನನ್ನ ಪ್ರಕಾರ ನಮ್ಮ ಕೆಲಸದ ಮುಕ್ಕಾಲು ಪಾಲು ಕಾಂಕ್ರೀಟ್ ಹಾಕುವ ಮೊದಲೇ ಮುಗಿದಿರಬೇಕು.

ಕ್ಯೂಬ್ ವಿಷಯವನ್ನೇ ತಗೊಳ್ಳಿ. 7ನೇ ದಿನ ಒಡೆದಾಗ ಸಿಗುವುದು ಬಲದ ಅಂದಾಜು ಮಾತ್ರ, ಲೆಕ್ಕಕ್ಕೆ ಬರುವುದು 28ನೇ ದಿನದ್ದು. ಅಷ್ಟು ಹೊತ್ತಿಗೆ ಆ ಕಾಂಕ್ರೀಟ್ ಹಾಕಿದ ಕಾಲಮ್ಮಿನ (ಕಂಬದ) ಮೇಲೆ ಇನ್ನೊಂದು ಮಹಡಿ ಎದ್ದಿರುತ್ತದೆ. ಆಗ ಕಡಿಮೆ ಬಂದರೆ ಕೋರ್ (ಕಟ್ಟಿದ ಕಾಂಕ್ರೀಟಿನಿಂದಲೇ ಕೊರೆದ ತುಂಡು) ತೆಗೆಯಬೇಕು, ಡಿಸೈನರ್ ಹತ್ತಿರ ಓಡಬೇಕು, ಕೆಲವೊಮ್ಮೆ ಒಡೆದೂ ಹಾಕಬೇಕು. ಅದೂ ಅಲ್ಲದೆ ಕ್ಯೂಬ್ ಹೇಳುವುದು ಲಾರಿಯಲ್ಲಿ ಬಂದ ಮಾಲಿನ ಬಗ್ಗೆ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಸರಿಯಾಗಿ ಹಾಕಿದರಾ, ಕಾಲಮ್ಮಿಗೆ ಕ್ಯೂರಿಂಗ್ (ನೀರುಣಿಸುವುದು) ಆಯ್ತಾ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ.

ಪೋರ್ ಕಾರ್ಡ್, ಅಂದರೆ ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಸಹಿ ಚೀಟಿ, ಇರುವುದು ಅದಕ್ಕೇ. ಸರ್ವೇ, ಸೆಂಟ್ರಿಂಗ್ (ಕಾಂಕ್ರೀಟಿನ ಅಚ್ಚು), ಕಂಬಿ, ಎಲೆಕ್ಟ್ರಿಕಲ್ ಪೈಪು, ಒಬ್ಬೊಬ್ಬರೂ ನೋಡಿ ಸಹಿ ಹಾಕುವವರೆಗೆ ಕಾಂಕ್ರೀಟ್ ಬೀಳಬಾರದು. ಆಫೀಸಿನಲ್ಲಿ ಕೂತು ಸುಮ್ನೆ ಸಹಿ ಹಾಕಿದರೆ ಅದು ಬರೀ ಕಾಗದ. ಮೇಲೆ ಹತ್ತಿ, ಬಗ್ಗಿ ನೋಡಬೇಕು. ಕಂಬಿಯನ್ನು ಅಚ್ಚಿಗೆ ತಾಗದ ಹಾಗೆ ಹಿಡಿಯುವ ಕವರ್ ಬ್ಲಾಕ್ ಇದೆಯಾ, ಇಲ್ಲಾ ಯಾರೋ ಜಲ್ಲಿ ಚೂರು ಸಿಕ್ಕಿಸಿ ಹೋಗಿದ್ದಾರಾ? ಕಂಬಿ ಸೆಂಟ್ರಿಂಗ್ ಶೀಟಿಗೆ ತಾಗಿಕೊಂಡಿದ್ದರೆ ಮುಂದೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ. ನಾನು ಮೊದಲು ನೋಡುವುದು ಬೀಮು, ಕಾಲಮ್ಮು ಸೇರುವ ಜಾಗ. ಅಲ್ಲಿ ಕೈ ಆಡಿಸುವುದು ಕಷ್ಟ, ಹಾಗಾಗಿ ರಿಂಗ್ (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಕಂಬಿ) ಬಿಟ್ಟುಹೋಗಿರುವುದೂ ಅಲ್ಲೇ ಜಾಸ್ತಿ. ಭೂಕಂಪದಲ್ಲಿ ಹೊಡೆತ ಬೀಳುವುದೂ ಅದೇ ಜಾಗಕ್ಕೆ.

ಸರಿ, ರಿಂಗ್ ಇಲ್ಲ ಅಂತ ಕಂಡಿತು. ಲಾರಿ ಗೇಟಿಗೆ ಬಂದು ನಿಂತಿದೆ. ಆಗ ಕೆಲಸ ನಿಲ್ಲಿಸುವ ಅಧಿಕಾರ ನಿಮಗಿದೆಯಾ? ಕಂಪನಿಯ ಗುಣಮಟ್ಟ ಗೊತ್ತಾಗುವುದು ಇಲ್ಲೇ ಅಂತ ನಾನು ನಂಬಿದ್ದೇನೆ. ತಾರೀಖಿನ ಒತ್ತಡದಲ್ಲಿರುವ ಪ್ರಾಜೆಕ್ಟ್ ಮ್ಯಾನೇಜರ್ ಕೈಕೆಳಗೇ ಕ್ವಾಲಿಟಿ ಇಂಜಿನಿಯರನ್ನೂ ಇಟ್ಟರೆ ಅವನ ಬಾಯಿ ಕಟ್ಟಿಹಾಕಿದ ಹಾಗೆ. ನೇರವಾಗಿ ಹೆಡ್ ಆಫೀಸಿಗೆ ವರದಿ ಮಾಡುವ ದಾರಿ ಇರಲೇಬೇಕು. ಐಎಸ್ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಸರ್ಟಿಫಿಕೇಟ್ ಗೋಡೆ ಮೇಲಿದ್ದರೆ ಸಾಲದು. 2015ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನುಯಲ್ ಕಡ್ಡಾಯ ಅನ್ನುವುದನ್ನೇ ಕೈಬಿಟ್ಟಿದ್ದಾರೆ, ಮೇಲಿನವರ ಹೊಣೆಗೆ ಒತ್ತು ಕೊಟ್ಟಿದ್ದಾರೆ. ಒಳ್ಳೆಯ ಬದಲಾವಣೆ.

ಇನ್ನು ಎನ್‌ಸಿಆರ್, ಅಂದರೆ ಕೆಲಸ ನಿಯಮದಂತೆ ಆಗಿಲ್ಲ ಅಂತ ಬರೆಯುವ ವರದಿ. ಅದನ್ನು ಬರೆದಾಗಲೆಲ್ಲ ಮೇಸ್ತ್ರಿಗೆ ಬೈಗುಳ ಬಿದ್ದರೆ, ಮುಂದಿನ ಸಲ ಹನಿಕೋಂಬ್ (ಕಾಂಕ್ರೀಟಿನಲ್ಲಿ ಜೇನುಗೂಡಿನಂಥ ತೂತುಗಳು) ಬಂದಾಗ ನೀವು ನೋಡುವ ಮೊದಲೇ ಗಾರೆ ಮೆತ್ತಿ ಮುಚ್ಚಿರುತ್ತಾರೆ. ಯಾರ ತಪ್ಪು ಅನ್ನುವುದಕ್ಕಿಂತ ಯಾಕೆ ಬಂತು ಅಂತ ಕೇಳಿ. ಕಂಬಿ ಒತ್ತೊತ್ತಾಗಿದ್ದು 20 ಮಿ.ಮೀ. ಜಲ್ಲಿ ಕೆಳಗೇ ಇಳಿಯಲಿಲ್ಲವಾ? ಹಾಗಿದ್ದರೆ ಮುಂದಿನ ಪೋರ್‌ಗೆ ಸಣ್ಣ ಜಲ್ಲಿಯ ಮಿಕ್ಸ್ ಕೇಳಿ. ಶೀಟಿನ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿತಾ? ಸಂದಿ ಮುಚ್ಚಿಸಿ. ಮೇಸ್ತ್ರಿಯ ಜೊತೆ ಕೂತು ಮಾತಾಡಿದರೆ ಅರ್ಧ ಕಾರಣ ಅವರೇ ಹೇಳುತ್ತಾರೆ.

ನೀವು ಮೊದಲು ಮಾಡಬೇಕಾದ್ದು ಇಷ್ಟು: ಕಾಲಮ್ಮಿಗೆ ಸೆಂಟ್ರಿಂಗ್ ಮುಚ್ಚುವ ಮೊದಲೇ ಕಂಬಿ ನೋಡಲು ನಿಮ್ಮನ್ನು ಕರೆಯಬೇಕು ಅಂತ ಬರವಣಿಗೆಯಲ್ಲೇ ಒಪ್ಪಿಸಿಕೊಳ್ಳಿ. ಮುಚ್ಚಿದ ಮೇಲೆ ಕರೆದರೆ ಸಹಿ ಹಾಕಬೇಡಿ, ಒಂದು ಪಕ್ಕದ ಶೀಟು ಬಿಚ್ಚಿಸಿ ನೋಡಿ.